ಪೀಟರ್ ಲಿಂಬರ್ನರ್ ರಾಬರ್ಟ್‌ಸನ್

ಪೀಟರ್ ಲಿಂಬರ್ನರ್ ರಾಬರ್ಟ್‌ಸನ್ (ಡಿಸೆಂಬರ್ 10, 1879 – ಸೆಪ್ಟೆಂಬರ್ 28, 1951) ಕೆನಡಾ ದೇಶದ ಸಂಶೋಧಕರು, ಮಾರಾಟಗಾರರು ಮತ್ತು ಉದ್ಯಮಿಗಳು. ತಲೆಯಲ್ಲಿ ಚೌಕಾಕಾರದ ಕುಳಿಯುಳ್ಳ ಸ್ಕ್ರೂವನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ, ದೊಡ್ಡ ಪ್ರಮಾಣದಲ್ಲಿ ತಯಾರಿಸುವ ವಿಧಾನವನ್ನು ರೂಪಿಸಿದ ಕೀರ್ತಿ ಇವರಿಗೆ ಸಲ್ಲುತ್ತದೆ. ಈ ಸ್ಕ್ರೂ ಇಂದಿಗೂ ರಾಬರ್ಟ್‌ಸನ್ ಸ್ಕ್ರೂ ಎಂದೇ ಪ್ರಸಿದ್ಧವಾಗಿದೆ. ಒಂದೇ ಕೈಯಿಂದ ಸ್ಕ್ರೂವನ್ನು ಹಿಡಿದು ತಿರುಗಿಸಲು, ಇಕ್ಕಟ್ಟಾದ ಮೂಲೆಗಳಲ್ಲಿ ಕೂಡಿಸಲು ಮತ್ತು ಎಷ್ಟೋ ವರ್ಷಗಳ ನಂತರ ತಲೆ ಕೆಡದಂತೆ ಹೊರತೆಗೆಯಲು ಅನುಕೂಲವಾದುದು ಇದರ ವೈಶಿಷ್ಟ್ಯ. ತಮ್ಮ ಆವಿಷ್ಕಾರದ ಮೇಲಿನ ಹಿಡಿತವನ್ನು ಬಿಟ್ಟುಕೊಡಲು ಒಪ್ಪದ ಕಾರಣ, ಕೆನಡಾದಲ್ಲಿ ಮನೆಮಾತಾದ ರಾಬರ್ಟ್‌ಸನ್ನರ ಹೆಸರು ಆ ದೇಶದ ಗಡಿಯಾಚೆಗೆ ಅಷ್ಟಾಗಿ ಹರಡಲಿಲ್ಲ.

ಜನನ ಮತ್ತು ಆರಂಭಿಕ ಜೀವನ

ರಾಬರ್ಟ್‌ಸನ್ನರು ಕೆನಡಾದ ಒಂಟಾರಿಯೋ ಪ್ರಾಂತ್ಯದ ಹಾಲ್ಡಿಮಂಡ್ ಕೌಂಟಿಗೆ ಸೇರಿದ ಸೆನೆಕಾ ಟೌನ್‌ಶಿಪ್‌ನಲ್ಲಿ ಜನಿಸಿದರು. ಯೌವನದಲ್ಲಿ ಅವರು ಅಮೆರಿಕದ ಫಿಲಡೆಲ್ಫಿಯಾ ನಗರದ ಉಪಕರಣಗಳ ಕಂಪನಿಯೊಂದರ ಸಂಚಾರಿ ಮಾರಾಟಗಾರರಾಗಿ ಕೆಲಸ ಮಾಡಿದರು. ಪೂರ್ವ ಕೆನಡಾದ ಊರೂರು ತಿರುಗಿ, ಬೀದಿಯ ಮೂಲೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಜನರನ್ನು ಸೇರಿಸಿ, ಉಪಕರಣಗಳನ್ನು ಸ್ವತಃ ಬಳಸಿ ತೋರಿಸಿ ಮಾರುವುದು ಅವರ ವೃತ್ತಿಯಾಗಿತ್ತು.

ಉಪಕರಣವನ್ನು ದಿನವೂ ಕೈಯಲ್ಲಿ ಹಿಡಿಯುವವನಿಗೆ ಅದರ ಗುಣದಷ್ಟೇ ದೋಷವೂ ತಿಳಿಯುತ್ತದೆ. ರಾಬರ್ಟ್‌ಸನ್ನರ ಸಂಶೋಧಕ ಮನೋಧರ್ಮಕ್ಕೆ ಈ ವೃತ್ತಿಯೇ ಪಾಠಶಾಲೆಯಾಯಿತು. ಬಿಡುವಿನ ವೇಳೆಯಲ್ಲಿ ಅವರು ಸಣ್ಣಪುಟ್ಟ ಸಾಧನಗಳನ್ನು ರೂಪಿಸುತ್ತಿದ್ದರು. ಸುಧಾರಿತ ಬಿರಡೆತೆಗೆಯುವ ಸಾಧನ, ಅಂಗಿಯ ತೋಳಿನ ಗುಂಡಿ, ಇಲಿಬೋನು ಮೊದಲಾದವು ಅವುಗಳಲ್ಲಿ ಸೇರಿವೆ. ಹಲವು ಉಪಕರಣಗಳ ಕೆಲಸವನ್ನು ಒಂದೇ ಮಾಡಬಲ್ಲ ಕೈಬೈರಿಗೆಯಂತಹ ಸಾಧನವೊಂದನ್ನೂ ಅವರು ಇಪ್ಪತ್ತನೆಯ ಶತಮಾನದ ಹೆಸರಿಟ್ಟು ಪ್ರಚಾರ ಮಾಡಿದರು. ಇವುಗಳಲ್ಲಿ ಯಾವುದೂ ಅವರಿಗೆ ಹೆಸರನ್ನಾಗಲಿ ಸಂಪತ್ತನ್ನಾಗಲಿ ತಂದುಕೊಡಲಿಲ್ಲ.

ಹಿನ್ನೆಲೆ: ಸೀಳುತಲೆಯ ಸ್ಕ್ರೂವಿನ ಇತಿಮಿತಿ

ರಾಬರ್ಟ್‌ಸನ್ನರ ಸಾಧನೆಯನ್ನು ಅರಿಯಲು ಅವರಿಗಿಂತ ಹಿಂದಿನ ಸ್ಕ್ರೂವಿನ ಸ್ಥಿತಿಯನ್ನು ತಿಳಿಯುವುದು ಅವಶ್ಯ. ಯುರೋಪಿನಲ್ಲಿ ಹದಿನೈದನೆಯ ಶತಮಾನದ ವೇಳೆಗೆ ಯೋಧರ ಕವಚ, ಬಂದೂಕು ಮೊದಲಾದವುಗಳಲ್ಲಿ ಲೋಹದ ಸ್ಕ್ರೂಗಳು ಬಳಕೆಗೆ ಬಂದಿದ್ದವು. ಆಗ ಒಂದೊಂದು ಸ್ಕ್ರೂವನ್ನೂ ಕೈಯಿಂದಲೇ ಅರದಲ್ಲಿ ಉಜ್ಜಿ ಮಾಡಬೇಕಾಗಿದ್ದುದರಿಂದ ಅದು ದುಬಾರಿಯ ವಸ್ತುವಾಗಿತ್ತು. 1760ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಜಾಬ್ ವ್ಯಾಟ್ ಮತ್ತು ವಿಲಿಯಂ ವ್ಯಾಟ್ ಸಹೋದರರು ಮರಕ್ಕೆ ಹಾಕುವ ಸ್ಕ್ರೂಗಳನ್ನು ಯಂತ್ರದಿಂದ ಕತ್ತರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಸ್ಕ್ರೂವಿನ ಬೆಲೆ ಇಳಿಯತೊಡಗಿತು. ತುದಿ ಚೂಪಾಗಿ, ಮರದೊಳಕ್ಕೆ ತಾನಾಗಿಯೇ ದಾರಿ ಮಾಡಿಕೊಳ್ಳುವ ಸ್ಕ್ರೂ ಬಂದುದು ಹತ್ತೊಂಬತ್ತನೆಯ ಶತಮಾನದ ನಡುವೆ. ಅಮೆರಿಕದ ಥಾಮಸ್ ಸ್ಲೋನ್ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಹೀಗೆ ಸ್ಕ್ರೂವಿನ ತುದಿ ಸುಧಾರಿಸಿತು, ಸುರುಳಿಯೆಳೆ ಸುಧಾರಿಸಿತು. ತಲೆ ಮಾತ್ರ ಹಾಗೆಯೇ ಉಳಿಯಿತು. ತಲೆಯ ಮೇಲೆ ಗರಗಸದಿಂದ ಎಳೆದ ಒಂದು ನೇರ ಸೀಳು, ಅದಕ್ಕೆ ಹೊಂದುವ ಚಪ್ಪಟೆ ಅಲಗಿನ ಸ್ಕ್ರೂಡ್ರೈವರ್, ಇಷ್ಟೇ ವ್ಯವಸ್ಥೆ. ಇದನ್ನು ತಯಾರಿಸುವುದು ಸುಲಭ, ಬಳಸುವುದು ಕಷ್ಟ. ಸೀಳಿನ ಎರಡೂ ತುದಿಗಳು ತೆರೆದಿರುವುದರಿಂದ ಅಲಗು ಪಕ್ಕಕ್ಕೆ ಜಾರುತ್ತದೆ. ಅಲಗು ಸ್ಕ್ರೂವಿನ ನಡುಮಧ್ಯದಲ್ಲಿ, ನೆಟ್ಟಗೆ ನಿಂತರೆ ಮಾತ್ರ ಬಲ ಸರಿಯಾಗಿ ತಗುಲುತ್ತದೆ. ಸ್ಕ್ರೂಡ್ರೈವರಿನ ತುದಿಗೆ ಸ್ಕ್ರೂ ತಾನಾಗಿ ಅಂಟಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು. ಕಪಾಟಿನ ಒಳಮೂಲೆ, ಬಾಗಿಲಿನ ಕೆಳಗಿನ ಬಿಜಾಗರಿ, ಗೋಡೆಗೆ ಅಂಟಿಕೊಂಡ ಮೇಜಿನ ಹಿಂಬದಿ ಮುಂತಾದ ಕಡೆ ಎರಡು ಕೈ ಹೋಗಲು ಸ್ಥಳವೇ ಇರುವುದಿಲ್ಲ. ಬಿಚ್ಚುವಾಗಿನ ಕಷ್ಟ ಇದಕ್ಕಿಂತ ಹೆಚ್ಚಿನದು. ತುಕ್ಕು ಹಿಡಿದ ಸ್ಕ್ರೂವಿನ ಸೀಳಿನ ಅಂಚು ಒಮ್ಮೆ ಸವೆದರೆ ಅಲಗಿಗೆ ಹಿಡಿತ ಸಿಗದೆ, ಕೊನೆಗೆ ಮರವನ್ನೇ ಕೆತ್ತಬೇಕಾಗುತ್ತದೆ.

ಚೌಕ ಕುಳಿಯ ಕಲ್ಪನೆ ರಾಬರ್ಟ್‌ಸನ್ನರಿಗಿಂತ ಮೊದಲೇ ಹುಟ್ಟಿತ್ತು. 1870 ಮತ್ತು 1880ರ ದಶಕಗಳಲ್ಲಿ ಅಮೆರಿಕದಲ್ಲಿ ಇಂತಹ ಸ್ಕ್ರೂಗಳಿಗೆ ಪೇಟೆಂಟ್‌ಗಳು ದೊರೆತಿದ್ದವು. ಆದರೆ ಗಟ್ಟಿ ಲೋಹದ ಪುಟ್ಟ ತಲೆಯಲ್ಲಿ ಕುಳಿಯನ್ನು ಅಗ್ಗವಾಗಿ ಮೂಡಿಸುವ ಬಗೆ ಯಾರಿಗೂ ಹೊಳೆದಿರಲಿಲ್ಲ. ಅಚ್ಚಿನಿಂದ ಒತ್ತಿದರೆ ತಲೆ ಬಿರಿಯುತ್ತಿತ್ತು ಅಥವಾ ಕುಳಿಯ ಬುಡದಲ್ಲಿ ಲೋಹ ತೆಳುವಾಗಿ ಸ್ಕ್ರೂ ದುರ್ಬಲವಾಗುತ್ತಿತ್ತು. ಆದ್ದರಿಂದ ಆ ಕಲ್ಪನೆಗಳು ಕಾಗದದಲ್ಲಿಯೇ ಉಳಿದವು.

ಮಾಂಟ್ರಿಯಲ್‌ನ ಘಟನೆ

ಸುಮಾರು 1906ರಲ್ಲಿ ರಾಬರ್ಟ್‌ಸನ್ನರು ಮಾಂಟ್ರಿಯಲ್ ನಗರದಲ್ಲಿ ಸ್ಪ್ರಿಂಗ್ ಅಳವಡಿಸಿದ ಹೊಸ ಬಗೆಯ ಸ್ಕ್ರೂಡ್ರೈವರೊಂದನ್ನು ಜನರ ಮುಂದೆ ಪ್ರದರ್ಶಿಸುತ್ತಿದ್ದರು. ಆಗ ಅಲಗು ಸ್ಕ್ರೂವಿನ ಸೀಳಿನಿಂದ ಜಾರಿ ಅವರ ಕೈಗೆ ಗಾಯ ಮಾಡಿತು. ಬಡಗಿಗಳಿಗೆ ಇಂತಹ ಗಾಯ ಹೊಸದಲ್ಲ. ಆದರೆ ಜಾರಿದ್ದು ತಮ್ಮ ಕೈತಪ್ಪಿನಿಂದಲ್ಲ, ಸ್ಕ್ರೂವಿನ ತಲೆಯ ರಚನೆಯಿಂದ ಎಂಬುದನ್ನು ಅವರು ಗುರುತಿಸಿದರು. ಸ್ಕ್ರೂಡ್ರೈವರನ್ನು ಸುಧಾರಿಸುವ ಬದಲು ಸ್ಕ್ರೂವನ್ನೇ ಸುಧಾರಿಸಬೇಕೆಂಬ ನಿರ್ಧಾರಕ್ಕೆ ಈ ಗಾಯವೇ ಕಾರಣವಾಯಿತೆಂದು ಅವರ ಜೀವನಚರಿತ್ರೆಯಲ್ಲಿ ಹೇಳಲಾಗುತ್ತದೆ.

ಚೌಕ ಕುಳಿಯ ವಿನ್ಯಾಸ

ರಾಬರ್ಟ್‌ಸನ್ನರು 1907ರಲ್ಲಿ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದರು. 1909ರಲ್ಲಿ ಅವರಿಗೆ ಕೆನಡಾದ ಪೇಟೆಂಟ್ ದೊರೆಯಿತು. ಅವರ ಸಾಧನೆಯ ತಿರುಳು ಚೌಕಾಕಾರವಲ್ಲ, ಆ ಚೌಕವನ್ನು ಮೂಡಿಸುವ ಕ್ರಮ. ಕುಳಿಯ ಮೇಲಂಚನ್ನು ಅವರು ಇಳಿಜಾರಾಗಿ ಮಾಡಿದರು. ಕುಳಿಯ ನಾಲ್ಕು ಗೋಡೆಗಳು ಕೆಳಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತವೆ. ತಳವು ತಲೆಕೆಳಗಾದ ಪಿರಮಿಡ್ಡಿನಂತೆ ಮೊನೆಯಾಗುತ್ತದೆ. ಇದೇ ಆಕಾರದ ಗಟ್ಟಿ ಉಕ್ಕಿನ ಅಚ್ಚಿನಿಂದ, ಲೋಹವನ್ನು ಕಾಯಿಸದೆ ಒತ್ತಿದಾಗ, ತಲೆಯ ಲೋಹ ಬಿರಿಯದೆ ಸುತ್ತಲೂ ಸರಿದು ಇನ್ನಷ್ಟು ಬಿಗಿಯಾಗುತ್ತದೆ. ಹಿಂದಿನವರ ಪ್ರಯತ್ನಗಳಲ್ಲಿ ಸ್ಕ್ರೂವನ್ನು ದುರ್ಬಲಗೊಳಿಸುತ್ತಿದ್ದ ಒತ್ತುವಿಕೆಯೇ ಇಲ್ಲಿ ಅದನ್ನು ಬಲಪಡಿಸುವ ಕ್ರಿಯೆಯಾಯಿತು.

ಕಿರಿದಾಗುತ್ತ ಹೋಗುವ ಈ ಕುಳಿ ಕಾರ್ಖಾನೆಗೆ ಎಷ್ಟು ಉಪಕಾರಿಯೋ ಬಳಸುವವನಿಗೂ ಅಷ್ಟೇ ಉಪಕಾರಿಯಾಯಿತು. ಅದೇ ಆಕಾರದ ತುದಿಯುಳ್ಳ ಸ್ಕ್ರೂಡ್ರೈವರನ್ನು ಕುಳಿಯೊಳಗೆ ಒತ್ತಿದಾಗ ಎರಡೂ ಬೆಣೆ ಹೊಡೆದಂತೆ ಕೂಡಿಕೊಳ್ಳುತ್ತವೆ. ಸ್ಕ್ರೂವನ್ನು ನೆಲದ ಕಡೆಗೆ ಮುಖ ಮಾಡಿ ಹಿಡಿದರೂ ಅದು ಬೀಳುವುದಿಲ್ಲ. ಇದರಿಂದ ಇನ್ನೊಂದು ಕೈ ಹಲಗೆಯನ್ನೋ ಏಣಿಯನ್ನೋ ಹಿಡಿಯಲು ಬಿಡುವಾಗುತ್ತದೆ. ತುದಿಯು ನಾಲ್ಕು ಕಡೆಯೂ ಗೋಡೆಯ ನಡುವೆ ಇರುವುದರಿಂದ ಪಕ್ಕಕ್ಕೆ ಜಾರಲು ದಾರಿಯಿಲ್ಲ. ಕಣ್ಣಿಗೆ ಕಾಣದ ಸ್ಥಳದಲ್ಲಿಯೂ ತುದಿಯನ್ನು ತಡವಿ ಕುಳಿಯನ್ನು ಹುಡುಕಬಹುದು, ಏಕೆಂದರೆ ಒಮ್ಮೆ ಒಳಗೆ ಇಳಿದ ಮೇಲೆ ಅದು ತಾನಾಗಿಯೇ ನಡುವಿನಲ್ಲಿ ನಿಲ್ಲುತ್ತದೆ.

ಮಿಲ್ಟನ್‌ನಲ್ಲಿ ಕಾರ್ಖಾನೆ

1908ರಲ್ಲಿ ರಾಬರ್ಟ್‌ಸನ್ನರು ಟೊರಾಂಟೊ ನಗರದ ಪಶ್ಚಿಮಕ್ಕಿರುವ ಮಿಲ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ತಮ್ಮ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಹೊಸ ಉದ್ಯಮವನ್ನು ಊರಿಗೆ ತರುವ ಉದ್ದೇಶದಿಂದ ಅಲ್ಲಿನ ಪಟ್ಟಣಸಭೆಯು ಅವರಿಗೆ 10,000 ಡಾಲರುಗಳ ಸಾಲವನ್ನೂ ಇತರ ಕೆಲವು ರಿಯಾಯಿತಿಗಳನ್ನೂ ನೀಡಿತು. ಬಂಡವಾಳವಿಲ್ಲದ ಸಂಚಾರಿ ಮಾರಾಟಗಾರನ ಕಲ್ಪನೆಯ ಮೇಲೆ ಒಂದು ಊರು ವಿಶ್ವಾಸವಿಟ್ಟ ಈ ಘಟನೆ ಮಿಲ್ಟನ್‌ನ ಇತಿಹಾಸದಲ್ಲಿ ಮುಖ್ಯವಾದುದು. ಮುಂದೆ ಆ ಪಟ್ಟಣದ ಪ್ರಮುಖ ಉದ್ಯೋಗದಾತ ಸಂಸ್ಥೆಗಳಲ್ಲಿ ರಾಬರ್ಟ್‌ಸನ್ನರ ಕಾರ್ಖಾನೆಯೂ ಒಂದಾಯಿತು.

ಹೊಸ ಸ್ಕ್ರೂವಿಗೆ ಹೊಸ ಸ್ಕ್ರೂಡ್ರೈವರೂ ಬೇಕಾದುದರಿಂದ ಆರಂಭದ ದಿನಗಳಲ್ಲಿ ಬಡಗಿಗಳನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಆದರೂ ದೋಣಿ, ಪೀಠೋಪಕರಣ ಮತ್ತು ವಾಹನಗಳನ್ನು ತಯಾರಿಸುವವರು ಇದರ ಅನುಕೂಲವನ್ನು ಬೇಗ ಗುರುತಿಸಿದರು. ಹೊಳಪು ಕೊಟ್ಟ ಮರದ ಮೇಲೆ ಅಲಗು ಜಾರಿ ಗೀರು ಬಿದ್ದರೆ ಇಡೀ ಹಲಗೆಯೇ ಕೆಟ್ಟಂತೆ. ಜಾರದ ಸ್ಕ್ರೂ ಅಂತಹ ನಷ್ಟವನ್ನು ತಪ್ಪಿಸುತ್ತಿತ್ತು.

ರಾಬರ್ಟ್‌ಸನ್ನರ ಅತಿ ದೊಡ್ಡ ಗಿರಾಕಿಯಾದುದು ಫಿಶರ್ ಬಾಡಿ ಕಂಪನಿ. ಅದು ಕೆನಡಾದಲ್ಲಿ ಫೋರ್ಡ್ ಕಾರುಗಳಿಗೆ ಮರದ ಒಡಲನ್ನು ಕಟ್ಟಿಕೊಡುತ್ತಿತ್ತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರೊಂದರ ಒಡಲಿಗೆ ನಾಲ್ಕರಿಂದ ಆರು ಗ್ರೋಸ್, ಎಂದರೆ 576ರಿಂದ 864 ರಾಬರ್ಟ್‌ಸನ್ ಸ್ಕ್ರೂಗಳು ಬೇಕಾಗುತ್ತಿದ್ದವು. ಒಂದು ಹಂತದಲ್ಲಿ ಮಿಲ್ಟನ್ ಕಾರ್ಖಾನೆಯ ಉತ್ಪಾದನೆಯಲ್ಲಿ ಮೂರನೆಯ ಒಂದು ಭಾಗ ಈ ಒಂದೇ ಕಂಪನಿಗೆ ಹೋಗುತ್ತಿತ್ತು.

ಇಂಗ್ಲೆಂಡಿನ ಸಾಹಸ

ಕೆನಡಾದಲ್ಲಿ ನೆಲೆ ಕಂಡ ಮೇಲೆ ರಾಬರ್ಟ್‌ಸನ್ನರು ಇಂಗ್ಲೆಂಡಿನತ್ತ ದೃಷ್ಟಿ ಹರಿಸಿದರು. ಅಲ್ಲಿಯ ಕೆಂಟ್ ಪ್ರಾಂತ್ಯದ ಗಿಲ್ಲಿಂಗ್‌ಹ್ಯಾಮ್‌ನಲ್ಲಿ ರಿಸೆಸ್ ಸ್ಕ್ರೂಸ್ ಎಂಬ ಹೆಸರಿನ ಕಂಪನಿ ಅವರ ಸ್ಕ್ರೂಗಳ ತಯಾರಿಕೆಗಾಗಿ ಸ್ಥಾಪಿತವಾಯಿತು. ಆದರೆ ಅದೇ ಹೊತ್ತಿಗೆ ಮೊದಲನೆಯ ಮಹಾಯುದ್ಧ ಆರಂಭವಾದುದರಿಂದ ಉದ್ಯಮವು ನಿರೀಕ್ಷಿಸಿದಂತೆ ಬೆಳೆಯಲಿಲ್ಲ. ಯುದ್ಧಾನಂತರವೂ ಅದರ ವ್ಯವಹಾರ ಸರಿದಾರಿಗೆ ಬರಲಿಲ್ಲ. ಕಂಪನಿಯು ದಿವಾಳಿಯಾದಾಗ ಅದಕ್ಕೆ ನೀಡಿದ್ದ ತಯಾರಿಕೆಯ ಹಕ್ಕು ರಾಬರ್ಟ್‌ಸನ್ನರ ಕೈತಪ್ಪಿತು. ತಮ್ಮದೇ ಆವಿಷ್ಕಾರದ ಹಕ್ಕನ್ನು ಅವರು ದೊಡ್ಡ ಮೊತ್ತ ತೆತ್ತು ಮರಳಿ ಕೊಳ್ಳಬೇಕಾಯಿತು.

ಈ ಅನುಭವ ರಾಬರ್ಟ್‌ಸನ್ನರ ಮನಸ್ಸಿನಲ್ಲಿ ಆಳವಾಗಿ ಉಳಿಯಿತು. ತಮ್ಮ ಸ್ಕ್ರೂವನ್ನು ತಯಾರಿಸುವ ಹಕ್ಕನ್ನು ಇನ್ನು ಮುಂದೆ ಬೇರೊಬ್ಬರಿಗೆ ಕೊಡಬಾರದೆಂಬ ಅವರ ನಿಲುವಿಗೆ ಇಂಗ್ಲೆಂಡಿನ ಕಹಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಫೋರ್ಡ್ ಕಂಪನಿಯೊಂದಿಗೆ ಮಾತುಕತೆ

ಮಾಡೆಲ್ ಟಿ ಕಾರಿನ ಜೋಡಣೆಯಲ್ಲಿ ಚೌಕ ಕುಳಿಯ ಸ್ಕ್ರೂವಿನಿಂದ ಸಮಯ ಉಳಿಯುತ್ತಿದ್ದುದು ಹೆನ್ರಿ ಫೋರ್ಡರ ಗಮನಕ್ಕೆ ಬಂದಿತು. ಒಂದು ಕಾರಿಗೆ ಎರಡೂವರೆ ಡಾಲರಿಗಿಂತ ಹೆಚ್ಚಿನ ಉಳಿತಾಯವಾಗುತ್ತಿತ್ತೆಂಬ ಲೆಕ್ಕ ಪ್ರಚಲಿತದಲ್ಲಿದೆ. ಲಕ್ಷಗಟ್ಟಲೆ ಕಾರುಗಳನ್ನು ತಯಾರಿಸುವ ಕಂಪನಿಗೆ ಇದು ಅಲಕ್ಷಿಸುವ ಮೊತ್ತವಲ್ಲ. ಆದ್ದರಿಂದ ಅಮೆರಿಕದ ತಮ್ಮ ಕಾರ್ಖಾನೆಗಳಿಗೂ ಈ ಸ್ಕ್ರೂವನ್ನು ತರಲು ಫೋರ್ಡ್ ಕಂಪನಿ ಬಯಸಿತು. ಆದರೆ ಇಷ್ಟು ಮುಖ್ಯವಾದ ಬಿಡಿಭಾಗಕ್ಕೆ ಪರದೇಶದ ಒಂದೇ ಕಾರ್ಖಾನೆಯನ್ನು ನಂಬಿಕೊಳ್ಳಲು ಅದು ಸಿದ್ಧವಿರಲಿಲ್ಲ. ಸ್ಕ್ರೂವನ್ನು ಎಲ್ಲಿ, ಹೇಗೆ, ಎಷ್ಟು ತಯಾರಿಸಬೇಕೆಂಬುದರ ಮೇಲೆ ತನಗೂ ಅಧಿಕಾರವಿರಬೇಕೆಂಬುದು ಅದರ ಅಪೇಕ್ಷೆಯಾಗಿತ್ತು.

ರಾಬರ್ಟ್‌ಸನ್ನರು ಇದಕ್ಕೆ ಒಪ್ಪಲಿಲ್ಲ. ಮಾತುಕತೆ ಮುರಿದುಬಿತ್ತು. ಫೋರ್ಡ್ ಕಂಪನಿಯು ಚೌಕ ಕುಳಿಯ ಸ್ಕ್ರೂವಿನ ಬಳಕೆಯನ್ನು ಕೆನಡಾದ ಘಟಕಕ್ಕೆ ಸೀಮಿತಗೊಳಿಸಿತು. ಜಗತ್ತಿನ ಅತಿ ದೊಡ್ಡ ಮಾರುಕಟ್ಟೆಯ ಬಾಗಿಲು ಹೀಗೆ ಮುಚ್ಚಿಕೊಂಡಿತು.

ಈ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಹಕ್ಕನ್ನು ಬಿಟ್ಟುಕೊಟ್ಟಿದ್ದರೆ ಜಗತ್ತಿನ ಮನೆಮನೆಯಲ್ಲಿಯೂ ಚೌಕ ಕುಳಿಯ ಸ್ಕ್ರೂ ಇರುತ್ತಿತ್ತೆಂಬುದು ಒಂದು ವಾದ. ಬಿಟ್ಟುಕೊಟ್ಟಿದ್ದರೆ ಇಂಗ್ಲೆಂಡಿನಲ್ಲಿ ಆದಂತೆ ಸಂಶೋಧಕನಿಗೆ ಏನೂ ಉಳಿಯುತ್ತಿರಲಿಲ್ಲ, ಮಿಲ್ಟನ್‌ನ ಕೆಲಸಗಾರರಿಗೆ ದುಡಿಮೆಯೂ ಉಳಿಯುತ್ತಿರಲಿಲ್ಲ ಎಂಬುದು ಇನ್ನೊಂದು ವಾದ. ರಾಬರ್ಟ್‌ಸನ್ನರು ಕಳೆದುಕೊಂಡದ್ದು ಕೀರ್ತಿ ಮತ್ತು ಮಾರುಕಟ್ಟೆಯ ವಿಸ್ತಾರ. ಉಳಿಸಿಕೊಂಡದ್ದು ತಮ್ಮ ಕಾರ್ಖಾನೆ ಮತ್ತು ಸ್ಕ್ರೂವಿನ ಗುಣಮಟ್ಟ.

ಫಿಲಿಪ್ಸ್ ಸ್ಕ್ರೂವಿನ ಸ್ಪರ್ಧೆ

ಅಮೆರಿಕದಲ್ಲಿ ತೆರವಾಗಿದ್ದ ಸ್ಥಾನವನ್ನು 1930ರ ದಶಕದಲ್ಲಿ ಹೆನ್ರಿ ಎಫ್. ಫಿಲಿಪ್ಸ್ (1889–1958) ತುಂಬಿದರು. ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಈ ಉದ್ಯಮಿ, ಜಾನ್ ಪಿ. ಥಾಂಪ್ಸನ್ ಎಂಬವರಿಂದ ಶಿಲುಬೆಯಾಕಾರದ ಕುಳಿಯುಳ್ಳ ಸ್ಕ್ರೂವಿನ ಹಕ್ಕನ್ನು ಕೊಂಡು, ಅದನ್ನು ಸುಧಾರಿಸಿ, 1936ರಲ್ಲಿ ಪೇಟೆಂಟ್‌ಗಳನ್ನು ಪಡೆದರು. ಭಾರತದಲ್ಲಿ ಪ್ಲಸ್ ಸ್ಕ್ರೂ ಅಥವಾ ಸ್ಟಾರ್ ಸ್ಕ್ರೂ ಎಂದು ಕರೆಯುವುದು ಇದನ್ನೇ. ಜನರಲ್ ಮೋಟಾರ್ಸ್ ಕಂಪನಿಯ ಕ್ಯಾಡಿಲಾಕ್ ಕಾರುಗಳ ತಯಾರಿಕೆಯಲ್ಲಿ ಇದು ಮೊದಲು ಬಳಕೆಗೆ ಬಂದಿತು.

ಫಿಲಿಪ್ಸರ ವ್ಯವಹಾರ ನೀತಿ ರಾಬರ್ಟ್‌ಸನ್ನರ ನೀತಿಗೆ ನೇರ ವಿರುದ್ಧವಾಗಿತ್ತು. ತಾವು ತಯಾರಿಕೆಗೆ ಇಳಿಯದೆ, ಕೇಳಿದ ಕಂಪನಿಗಳಿಗೆಲ್ಲ ಪರವಾನಗಿ ನೀಡಿ ಗೌರವಧನ ಪಡೆದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಬಹುಪಾಲು ಸ್ಕ್ರೂ ತಯಾರಕರು ಫಿಲಿಪ್ಸ್ ಸ್ಕ್ರೂವನ್ನು ತಯಾರಿಸತೊಡಗಿದರು. ಎರಡನೆಯ ಮಹಾಯುದ್ಧದ ಕಾಲದ ಭಾರಿ ಉತ್ಪಾದನೆಯಿಂದ ಅದು ಜಗತ್ತಿನಾದ್ಯಂತ ಹರಡಿತು.

ಫಿಲಿಪ್ಸ್ ಸ್ಕ್ರೂವಿನ ಕುಳಿಯ ಗೋಡೆಗಳು ಹೆಚ್ಚು ಓರೆಯಾಗಿರುವುದರಿಂದ, ತಿರುಗಿಸುವ ಬಲ ಮಿತಿ ಮೀರಿದಾಗ ಸ್ಕ್ರೂಡ್ರೈವರಿನ ತುದಿ ಮೇಲಕ್ಕೆ ಜಾರಿ ಹೊರಬರುತ್ತದೆ. ವಿದ್ಯುತ್ ಯಂತ್ರದಿಂದ ಬಿಗಿಯುವಾಗ ಸ್ಕ್ರೂ ತುಂಡಾಗದಂತೆ ಇದು ತಡೆಯಬಹುದು. ಆದರೆ ಮನೆಯ ದುರಸ್ತಿಯಲ್ಲಿ ಇದೇ ಗುಣ ದೋಷವಾಗುತ್ತದೆ. ಬಿಗಿಯಾದ ಹಳೆಯ ಸ್ಕ್ರೂವನ್ನು ಬಿಚ್ಚಲು ಹೋದಾಗ ತುದಿ ಪದೇಪದೇ ಜಾರಿ, ಶಿಲುಬೆಯಾಕಾರ ಸವೆದು ದುಂಡನೆಯ ಗುಳಿಯಾಗಿಬಿಡುತ್ತದೆ. ಈ ವಿಷಯದಲ್ಲಿ ರಾಬರ್ಟ್‌ಸನ್ ಸ್ಕ್ರೂ ಮೇಲೆಂದು ಬಡಗಿಗಳು ಭಾವಿಸುತ್ತಾರೆ.

ಗಾತ್ರ ಮತ್ತು ಬಣ್ಣಗಳು

ರಾಬರ್ಟ್‌ಸನ್ ಸ್ಕ್ರೂಡ್ರೈವರುಗಳನ್ನು ಹಿಡಿಯ ಬಣ್ಣದಿಂದ ಗುರುತಿಸುವ ಪದ್ಧತಿ ಇದೆ. ಸೊನ್ನೆ ಸಂಖ್ಯೆಯದಕ್ಕೆ ಹಳದಿ, ಒಂದಕ್ಕೆ ಹಸಿರು, ಎರಡಕ್ಕೆ ಕೆಂಪು, ಮೂರಕ್ಕೆ ಕಪ್ಪು ಬಣ್ಣ. ಇವುಗಳಲ್ಲಿ ಕೆಂಪು ಹಿಡಿಯದು ಸಾಮಾನ್ಯ ಮರಗೆಲಸದಲ್ಲಿ ಅತಿ ಹೆಚ್ಚು ಬಳಕೆಯಾಗುತ್ತದೆ. ಹಸಿರು ಹಿಡಿಯದು ಸಣ್ಣ ಸ್ಕ್ರೂಗಳಿಗೂ ಕಪ್ಪು ಹಿಡಿಯದು ದೊಡ್ಡ ಸ್ಕ್ರೂಗಳಿಗೂ ಒದಗುತ್ತವೆ. ಕೆಲಸಗಾರನು ಅಂಕಿಯನ್ನು ಹೇಳದೆ ಬಣ್ಣವನ್ನು ಹೇಳಿ ಉಪಕರಣವನ್ನು ಕೇಳುವುದು ಕೆನಡಾದಲ್ಲಿ ರೂಢಿ.

ದುರಸ್ತಿ ಕೆಲಸದಲ್ಲಿ ಮಹತ್ವ

ಸ್ಕ್ರೂವಿನ ನಿಜವಾದ ಪರೀಕ್ಷೆ ಅದನ್ನು ಕೂಡಿಸುವಾಗಲ್ಲ, ಬಿಚ್ಚುವಾಗ ನಡೆಯುತ್ತದೆ. ಮೊಳೆಗಿಂತ ಸ್ಕ್ರೂ ಉತ್ತಮವೆಂದು ಎಣಿಸಲು ಇರುವ ಮುಖ್ಯ ಕಾರಣವೇ ಅದನ್ನು ಮರಳಿ ತೆಗೆಯಬಹುದೆಂಬುದು. ತಲೆ ಕೆಟ್ಟ ಸ್ಕ್ರೂ ಮೊಳೆಗಿಂತಲೂ ಕಡೆ. ಕೈಗೆಟುಕದ ಜಾಗದ ಸ್ಕ್ರೂವನ್ನು ತೆಗೆಯುವಾಗ ಮೂರು ತೊಡಕುಗಳು ಎದುರಾಗುತ್ತವೆ: ತಲೆಯು ಕಣ್ಣಿಗೆ ಕಾಣದಿರುವುದು, ಸ್ಕ್ರೂಡ್ರೈವರನ್ನು ನೆಟ್ಟಗೆ ನಿಲ್ಲಿಸಲು ಆಗದಿರುವುದು, ಮತ್ತು ಬಿಚ್ಚಿದ ಸ್ಕ್ರೂ ಸಂದಿಯೊಳಗೆ ಬಿದ್ದುಹೋಗುವುದು. ಕುಳಿಯನ್ನು ತಡವಿ ಹುಡುಕಲು ಸಾಧ್ಯವಿರುವುದರಿಂದ ಮೊದಲನೆಯ ತೊಡಕನ್ನೂ, ಸ್ಕ್ರೂ ತುದಿಗೆ ಕಚ್ಚಿಕೊಂಡೇ ಹೊರಬರುವುದರಿಂದ ಮೂರನೆಯದನ್ನೂ ರಾಬರ್ಟ್‌ಸನ್ನರ ವಿನ್ಯಾಸ ಬಹುಮಟ್ಟಿಗೆ ನಿವಾರಿಸುತ್ತದೆ. ಎರಡನೆಯ ತೊಡಕಿಗೆ ಗಿಡ್ಡ ಹಿಡಿಯ ಸ್ಕ್ರೂಡ್ರೈವರ್, ಲಂಬಕೋನದಲ್ಲಿ ಬಾಗಿದ ಸ್ಕ್ರೂಡ್ರೈವರ್, ರ‍್ಯಾಚೆಟ್ ಅಳವಡಿಸಿದ ಹಿಡಿ, ಬಳುಕುವ ದಂಡ ಮುಂತಾದ ಉಪಕರಣಗಳು ಬೇಕಾಗುತ್ತವೆ. ಇಂತಹ ಉಪಕರಣಗಳಲ್ಲಿ ಬಲವು ಓರೆಯಾಗಿ ಬೀಳುವುದರಿಂದ, ತುದಿಯನ್ನು ಜಾರಲು ಬಿಡದ ಕುಳಿಯ ಬೆಲೆ ಅಲ್ಲಿ ಇನ್ನೂ ಹೆಚ್ಚು.

ಈ ವಿನ್ಯಾಸಕ್ಕೂ ಮಿತಿಗಳಿವೆ. ಕುಳಿಯೊಳಗೆ ಬಣ್ಣ, ಸುಣ್ಣ ಅಥವಾ ಸಿಮೆಂಟ್ ಸೇರಿ ಗಟ್ಟಿಯಾದರೆ ಸೂಜಿಯಿಂದಲೋ ಸಣ್ಣ ಮೊಳೆಯಿಂದಲೋ ಅದನ್ನು ಪೂರ್ತಿ ಕೆದಕಿ ತೆಗೆಯಬೇಕು. ತುದಿ ಬುಡದವರೆಗೆ ಇಳಿಯದೆ ಹಿಡಿತ ದೊರೆಯುವುದಿಲ್ಲ. ಸವೆದ ಅಥವಾ ಹೊಂದದ ಗಾತ್ರದ ಸ್ಕ್ರೂಡ್ರೈವರಿನಿಂದ ಚೌಕದ ಮೂಲೆಗಳೂ ದುಂಡಾಗುತ್ತವೆ. ತುದಿ ಜಾರದಿರುವುದರಿಂದ ಬಲ ಅತಿಯಾದರೆ ಸ್ಕ್ರೂವಿನ ಕುತ್ತಿಗೆಯೇ ತುಂಡಾಗಬಹುದು. ತುಕ್ಕು ಹಿಡಿದು ಕೂತ ಸ್ಕ್ರೂವಿಗೆ ತಲೆಯ ಆಕಾರ ಯಾವುದೇ ಇರಲಿ, ಮೊದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕೆಲಕಾಲ ಕಾಯುವುದು, ತಲೆಯ ಮೇಲೆ ಹಗುರಾಗಿ ತಟ್ಟುವುದು, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ಅನಂತರ ಬಿಚ್ಚುವುದು ರೂಢಿಯ ಕ್ರಮಗಳು.

ಭಾರತದಲ್ಲಿ

ಭಾರತದಲ್ಲಿ ರಾಬರ್ಟ್‌ಸನ್ ಸ್ಕ್ರೂ ಸಾಮಾನ್ಯ ಬಳಕೆಗೆ ಬರಲಿಲ್ಲ. ಬ್ರಿಟಿಷರ ಆಳ್ವಿಕೆಯ ಕಾಲದಿಂದ ಇಲ್ಲಿ ಸೀಳುತಲೆಯ ಸ್ಕ್ರೂವೇ ನಡೆದುಬಂದು, ಅನಂತರ ಫಿಲಿಪ್ಸ್ ಮಾದರಿಯ ಪ್ಲಸ್ ಸ್ಕ್ರೂ ಅದರ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು. ಹಳೆಯ ಮನೆಗಳ ಬಾಗಿಲು, ಬಿಜಾಗರಿ, ಚಿಲಕಗಳಲ್ಲಿ ಇಂದಿಗೂ ಕಾಣುವುದು ಸೀಳುತಲೆಯ ಸ್ಕ್ರೂಗಳು. ಕನ್ನಡದಲ್ಲಿ ಇದಕ್ಕೆ ತಿರುಪು, ತಿರುಪುಮೊಳೆ ಎಂಬ ಹೆಸರುಗಳೂ ಸ್ಕ್ರೂಡ್ರೈವರಿಗೆ ತಿರುಪುಳಿ ಎಂಬ ಹೆಸರೂ ಇವೆ. ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ ಸ್ಕ್ರೂವಿಗೆ ಪೇಚ್ ಎಂದೂ ಸ್ಕ್ರೂಡ್ರೈವರಿಗೆ ಪೇಚ್‌ಕಸ್ ಎಂದೂ ಹೇಳುತ್ತಾರೆ.

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಭಾಗದಲ್ಲಿ ಹಾಸುಗಲ್ಲು ಮತ್ತು ಸಿಮೆಂಟ್ ಎರಡೂ ಸ್ಥಳೀಯ ಉತ್ಪನ್ನಗಳು. ಕಲ್ಲುಗೋಡೆಯ ಮನೆಗಳಲ್ಲಿ ಸ್ಕ್ರೂ ನೇರವಾಗಿ ಗೋಡೆಗೆ ಹಿಡಿಯುವುದಿಲ್ಲ. ಗೋಡೆಗೆ ತೂತು ಕೊರೆದು, ಅದರೊಳಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಬೆಣೆ ಬಡಿದು, ಅದಕ್ಕೆ ಸ್ಕ್ರೂ ಹಾಕಬೇಕು. ಇಂತಹ ಕಡೆ ಸ್ಕ್ರೂವಿನ ತಲೆ ಕೆಟ್ಟರೆ ಸುತ್ತಲಿನ ಗೋಡೆಯನ್ನು ಒಡೆಯುವಂತಿಲ್ಲ, ಬಿಚ್ಚದೆ ಬಿಡುವಂತೆಯೂ ಇಲ್ಲ. ವಿದ್ಯುತ್ತನ್ನು ಪರೀಕ್ಷಿಸುವ ತೆಳು ಟೆಸ್ಟರಿನಿಂದಲೇ ಸ್ಕ್ರೂಗಳನ್ನು ಬಿಚ್ಚುವುದು ನಮ್ಮ ದೇಶದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಭ್ಯಾಸ. ಅದರ ಅಲಗು ಸೀಳಿನ ಅಗಲಕ್ಕೆ ಹೊಂದದಿರುವುದರಿಂದ ಸ್ಕ್ರೂವಿನ ತಲೆಯೂ ಟೆಸ್ಟರಿನ ತುದಿಯೂ ಕೆಡುತ್ತವೆ. ತಲೆಗೆ ಹೊಂದುವ ತುದಿ ಇರಬೇಕೆಂಬ ರಾಬರ್ಟ್‌ಸನ್ನರ ಮೂಲ ತತ್ತ್ವವು ಸೀಳುತಲೆಗೂ ಪ್ಲಸ್ ತಲೆಗೂ ಸಮಾನವಾಗಿ ಅನ್ವಯಿಸುತ್ತದೆ.

ಕೊನೆಯ ವರ್ಷಗಳು ಮತ್ತು ಸ್ಮರಣೆ

ರಾಬರ್ಟ್‌ಸನ್ನರು ಜೀವನದ ಕೊನೆಯವರೆಗೂ ಮಿಲ್ಟನ್‌ನ ಉದ್ಯಮದೊಂದಿಗೆ ಗುರುತಿಸಿಕೊಂಡಿದ್ದರು. 1951ರ ಸೆಪ್ಟೆಂಬರ್ 28ರಂದು, ತಮ್ಮ 71ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಅವರ ಪೇಟೆಂಟ್‌ಗಳ ಅವಧಿ ಮುಗಿದ ನಂತರ ಅಮೆರಿಕ ಮತ್ತು ಇತರ ದೇಶಗಳ ತಯಾರಕರು ಚೌಕ ಕುಳಿಯ ಸ್ಕ್ರೂಗಳನ್ನು ತಯಾರಿಸತೊಡಗಿದರು. ಅಮೆರಿಕದಲ್ಲಿ ಅವು ಸಾಮಾನ್ಯವಾಗಿ ಚೌಕ ಸ್ಕ್ರೂ ಎಂಬ ಹೆಸರಿನಿಂದಲೇ ಮಾರಾಟವಾಗುತ್ತವೆ, ರಾಬರ್ಟ್‌ಸನ್ನರ ಹೆಸರು ಅಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕೆನಡಾದ ಮರಗೆಲಸದಲ್ಲಿ ಮಾತ್ರ ಅದು ಇಂದಿಗೂ ಮೊದಲ ಆಯ್ಕೆಯಾಗಿ ಉಳಿದಿದೆ.

ರಾಬರ್ಟ್‌ಸನ್ನರ ಹೆಸರು ವ್ಯಾಪಕವಾದ ಓದುಗವರ್ಗವನ್ನು ತಲುಪಿದ್ದು ವಾಸ್ತುಶಿಲ್ಪಿ ಮತ್ತು ಲೇಖಕ ವಿಟೋಲ್ಡ್ ರಿಬ್‌ಝಿನ್‌ಸ್ಕಿ ಅವರಿಂದ. ಕಳೆದ ಸಹಸ್ರಮಾನದ ಅತ್ಯುತ್ತಮ ಉಪಕರಣದ ಬಗ್ಗೆ ಬರೆಯುವಂತೆ ಪತ್ರಿಕೆಯೊಂದು ಕೇಳಿದಾಗ ಅವರು ಸ್ಕ್ರೂಡ್ರೈವರನ್ನು ಆರಿಸಿಕೊಂಡರು. ಅದೇ ವಿಷಯವನ್ನು ವಿಸ್ತರಿಸಿ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ರಾಬರ್ಟ್‌ಸನ್ನರಿಗೆ ಗೌರವದ ಸ್ಥಾನ ನೀಡಿದರು. ಮಿಲ್ಟನ್ ಪಟ್ಟಣದಲ್ಲಿ ಒಂದು ಸರ್ಕಾರಿ ಶಾಲೆಗೆ ಪಿ. ಎಲ್. ರಾಬರ್ಟ್‌ಸನ್ ಅವರ ಹೆಸರನ್ನಿಡಲಾಗಿದೆ.